ಪೀಣ್ಯದ ಜರ್ಮನಿ

ಪಾಸ್‌ಪೋರ್ಟ್ ಎಂಬ ಪುಸ್ತಕವನ್ನು ನಾನು ಇನ್ನೊಬ್ಬರ ಕೈಯಲ್ಲಿ ಮಾತ್ರ ನೋಡಿದ್ದೇನೆ. ಆದರೂ ವರ್ಷಗಟ್ಟಲೆ ಬೆಳಿಗ್ಗೆ ಚಿಕ್ಕಬಾಣಾವರದಲ್ಲಿ ಬಸ್ಸು ಹತ್ತಿ, ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ದಿನವೆಲ್ಲ ಜರ್ಮನಿಗೂ ಜಪಾನಿಗೂ ನಡುವೆ ಓಡಾಡಿ, ಸಂಜೆ ಒಂದು ಕಟ್ಟು ಸೊಪ್ಪು ಕೊಂಡು ಮನೆಗೆ ಮರಳಿದ್ದೇನೆ. ವಿದೇಶಕ್ಕೆ ಹೋಗಿಬಂದವರು ಅಲ್ಲಿನ ಚಳಿಯ ಬಗ್ಗೆ, ರಸ್ತೆಯ ಬಗ್ಗೆ, ಅಲ್ಲಿ ಯಾರೂ ಹಾರ್ನ್ ಹೊಡೆಯದಿರುವ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ಕಂಡ ಜರ್ಮನಿ ಸುಟ್ಟ ಎಣ್ಣೆಯ ವಾಸನೆ ಹೊಡೆಯುತ್ತಿತ್ತು, ಜಪಾನಿನ ಅಡಿಯಲ್ಲಿ ಇಲಿ ಮರಿ ಹಾಕಿತ್ತು.

ವಿಷಯ ಇಷ್ಟೇ. ಪೀಣ್ಯ ಎರಡನೇ ಹಂತದಲ್ಲಿ ಶೀಟು ಹೊದಿಸಿದ ಒಂದು ಷೆಡ್ಡು. ಅದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ನಾನು. ಕಬ್ಬಿಣದ ಉಂಗುರ, ಬುಷ್ಷು ಇತ್ಯಾದಿ ಕಡೆದು ದೊಡ್ಡ ಕಂಪನಿಗಳಿಗೆ ಕಳಿಸುವುದು ನಮ್ಮ ಉದ್ಯೋಗ. ಯಂತ್ರಗಳನ್ನು ಅವು ಬಂದ ದೇಶದ ಹೆಸರಿನಿಂದ ಕರೆಯುವುದು ಅಲ್ಲಿನ ರೂಢಿ. ಕಬ್ಬಿಣವನ್ನು ಗಿರಗಿರನೆ ತಿರುಗಿಸಿ ಕಡೆಯುವ ಮೂಲೆಯ ಭಾರೀ ಲೇತ್ ಜರ್ಮನಿ. ಗಾಜಿನ ಕೋಣೆ ಕಟ್ಟಿಸಿಕೊಂಡು, ಏಸಿ ಹಾಕಿಸಿಕೊಂಡು, ನಮ್ಮನ್ನೆಲ್ಲ ಅಲ್ಲಿಂದಲೇ ನೋಡುತ್ತಿದ್ದ ಕಂಪ್ಯೂಟರ್ ಯಂತ್ರ ಜಪಾನ್. ತೂತು ಕೊರೆಯುವುದು ಜೆಕ್. "ಜರ್ಮನಿಗೆ ಬೆಲ್ಟ್ ಹೋಗಿದೆ ಸಾರ್," "ಜಪಾನ್ ಮೇಲೆ ಟಿಫನ್ ಬಾಕ್ಸ್ ಇಡ್ಬೇಡ್ರೋ," ಎಂಬಂಥ ಅಂತರರಾಷ್ಟ್ರೀಯ ಮಾತುಕತೆ ನಮ್ಮಲ್ಲಿ ದಿನವಿಡೀ ನಡೆಯುತ್ತಿತ್ತು. ನಮ್ಮ ದೇಶದಲ್ಲೇ ಹುಟ್ಟಿದ ಸಣ್ಣ ಲೇತನ್ನು ಮಾತ್ರ ಯಾರೂ ಭಾರತ ಎನ್ನುತ್ತಿರಲಿಲ್ಲ. ಅದು ರಾಜ್‌ಕೋಟ್.

ಇದು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿದ ಸಂಗತಿ. ದೂರದವರಿಗೆ ದೇಶದ ಹೆಸರು ಸಾಕು. ಹತ್ತಿರದವರಿಗೆ ಊರಿನ ಹೆಸರು ಬೇಕು. ಇನ್ನೂ ಹತ್ತಿರದವರಿಗೆ ಬೀದಿಯ ಹೆಸರು. ತೀರ ಹತ್ತಿರ ಬಂದರೆ ಹೆಸರೇ ಬೇಡ. ನನ್ನ ಹೆಂಡತಿ ನನ್ನನ್ನು 'ರೀ' ಎಂದು ಕರೆದೇ ಇಷ್ಟು ಕಾಲ ಸಂಸಾರ ನಡೆಸಿದ್ದಾಳೆ. ಅಂದರೆ ದೇಶದ ಹೆಸರು ಎಂಬುದು ನಮಗೆ ಸರಿಯಾಗಿ ಪರಿಚಯವಿಲ್ಲದವರಿಗೆ ನಾವು ಹಚ್ಚುವ ಚೀಟಿ. ನಮ್ಮ ಹಿರಿಯರಂತೂ ಈ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಂಡವರಲ್ಲ. ಹೊರಗಿನಿಂದ ಬಂದದ್ದಕ್ಕೆಲ್ಲ 'ಸೀಮೆ' ಎಂದುಬಿಟ್ಟರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆಕಾಯಿ. ಯಾವ ಸೀಮೆ ಎಂದು ಕೇಳಿದವರಿಲ್ಲ. ಇಡೀ ಭೂಗೋಳವನ್ನು ನಮ್ಮೂರು ಮತ್ತು ಸೀಮೆ ಎಂದು ಎರಡೇ ಪಾಲು ಮಾಡಿ ಊಟಕ್ಕೆ ಕೂತರು.

ಜರ್ಮನಿಯನ್ನು ನಡೆಸುತ್ತಿದ್ದವನು ಶಿವಣ್ಣ. ಆ ಲೇತು ಪೂರ್ವ ಜರ್ಮನಿಯದು. ಆ ದೇಶ ಭೂಪಟದಿಂದ ಅಳಿಸಿಹೋಗಿ ಬಹಳ ಕಾಲವಾಗಿತ್ತು, ಪೀಣ್ಯದಲ್ಲಿ ಮಾತ್ರ ಎರಡು ಪಾಳಿಯಲ್ಲಿ ದುಡಿಯುತ್ತಿತ್ತು. ಅತ್ತ ಜೆಕೊಸ್ಲೊವಾಕಿಯಾ ಒಡೆದು ಎರಡು ದೇಶವಾಯಿತು. ನಮ್ಮ ಜೆಕ್ ಕೂಡ ಒಮ್ಮೆ ನಡುವೆ ಬಿರುಕು ಬಿಟ್ಟಿತ್ತು, ವೆಲ್ಡಿಂಗ್ ಮಾಡಿಸಿ ಒಂದಾಗಿ ಉಳಿಸಿಕೊಂಡಿದ್ದೆವು. ಶಿವಣ್ಣನಿಗೆ ತನ್ನ ಲೇತಿನ ಮೇಲೆ ವಿಪರೀತ ಅಭಿಮಾನ. ಯಾರಾದರೂ ಅದನ್ನು ಬರೀ ಲೇತು ಎಂದರೆ ಮುಖ ಗಂಟಿಕ್ಕುತ್ತಿದ್ದ. ಷೆಡ್ಡಿನಲ್ಲೂ ಅವನ ಬೀದಿಯಲ್ಲೂ ಅವನು ಜರ್ಮನಿ ಶಿವಣ್ಣ. ಅವನಿಲ್ಲದಿದ್ದರೆ ಆ ದೇಶ ಇನ್ನೂ ಮುಂಚೆಯೇ ಮುಳುಗುತ್ತಿತ್ತು ಎಂಬಂತೆ ಮಾತಾಡುತ್ತಿದ್ದ.

ಹೀಗಿರುವಾಗ ಪ್ರಪಂಚದ ಶ್ರೀಮಂತ ದೇಶಗಳಲ್ಲಿ ಯಾರೋ ಯಾರಿಗೋ ಸಾಲ ಕೊಟ್ಟು ಕೆಟ್ಟರು, ಅದಕ್ಕಾಗಿ ಪೀಣ್ಯದಲ್ಲಿ ಕೆಲಸ ನಿಂತಿತು. ಅರ್ಥಶಾಸ್ತ್ರ ನನಗೆ ಅರ್ಥವಾಗಿರುವುದು ಇಷ್ಟು. ಎರಡನೇ ಪಾಳಿ ರದ್ದಾಯಿತು, ಒಬ್ಬೊಬ್ಬರನ್ನೇ ಮನೆಯಲ್ಲಿ ಕೂತಿರಿ ಎಂದರು. ಆಗ ಜರ್ಮನಿಯ ಒಂದು ಕಂಪನಿಯಿಂದ ದೊಡ್ಡ ಉಂಗುರಗಳ ಆರ್ಡರ್ ಬರುವ ಸೂಚನೆ ಕಂಡಿತು. ಅವರ ಕಡೆಯ ಒಬ್ಬ ಅಧಿಕಾರಿ ಬಂದು ಷೆಡ್ಡು ನೋಡಿ ಒಪ್ಪಬೇಕು. ಅಷ್ಟು ದೊಡ್ಡ ಉಂಗುರ ಕಡೆಯುವುದು ಶಿವಣ್ಣನ ಲೇತಿಗೆ ಮಾತ್ರ ಸಾಧ್ಯ. ಓನರ್ ರಾಜಣ್ಣ ಎಲ್ಲರೆದುರಿಗೇ ಹೇಳಿದರು: "ಶಿವಣ್ಣ, ಈ ಆರ್ಡರ್ ಬಂದ್ರೆ ನೀನೂ ಇರ್ತೀಯ, ಜರ್ಮನೀನೂ ಇರುತ್ತೆ. ಬರ್ಲಿಲ್ಲ ಅಂದ್ರೆ ಅದನ್ನ ಗುಜರಿಗೆ ಹಾಕ್ತೀನಿ. ಆಮೇಲೆ ನಿನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಅವತ್ತು ಮಧ್ಯಾಹ್ನ ಶಿವಣ್ಣ ಊಟದ ಡಬ್ಬಿ ತೆರೆಯದೆ ಹಾಗೇ ಎತ್ತಿಟ್ಟ.

ಅಧಿಕಾರಿಯನ್ನು ಒಲಿಸಿಕೊಳ್ಳಲು ರಾಜಣ್ಣ ಒಬ್ಬ ಕನ್ಸಲ್ಟೆಂಟನ್ನು ಕರೆಸಿದರು. ವೈಟ್‌ಫೀಲ್ಡ್‌ನಿಂದ ಕಾರಿನಲ್ಲಿ ಬಂದ ಪ್ರಶಾಂತ್ ಎಂಬ ಯುವಕರು. ಪೀಣ್ಯಕ್ಕೆ ತಲುಪುವಷ್ಟರಲ್ಲಿ ಅವರಿಗೆ ವಿದೇಶ ಪ್ರಯಾಣದ ಆಯಾಸವೇ ಆಗಿತ್ತು. ಸೋರುವ ಎಣ್ಣೆ, ನೇತಾಡುವ ವೈರು, ಲೇತಿನಲ್ಲಿ ಎಂದೋ ಕೈಕೊಟ್ಟಿದ್ದ ನಿಲ್ಲಿಸುವ ಹಿಡಿ, ಇವು ಯಾವುವೂ ಅವರ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ನಮ್ಮ ಗೋಡೆಯ ಸ್ವಿಚ್ ಬೋರ್ಡು. ಪ್ರತಿ ಯಂತ್ರದ ಸ್ವಿಚ್ಚೂ ಅಲ್ಲೇ ಸಾಲಾಗಿತ್ತು, ಮೇಲೆ ಪೇಂಟಿನಲ್ಲಿ ಜರ್ಮನಿ, ಜಪಾನ್, ಜೆಕ್ ಎಂದು ಬರೆದಿತ್ತು. ಅವರಿಗೆ ಆಘಾತವಾಯಿತು. ಒಂದು ದೇಶವನ್ನು ಅದರ ಜನ ಕರೆಯುವ ಹೆಸರಿನಿಂದಲೇ ಕರೆಯುವುದು ಗೌರವ, ಬೇರೆಯವರು ಇಟ್ಟ ಹೆಸರಿನಿಂದ ಕರೆಯುವುದು ಅವಮಾನ ಎಂದು ಅರ್ಧ ಗಂಟೆ ವಿವರಿಸಿದರು. ವಿವರಿಸಿದ್ದು ಇಂಗ್ಲಿಷಿನಲ್ಲಿ. ಆ ಅರ್ಧ ಗಂಟೆಯಲ್ಲಿ ಬೆಂಗಳೂರನ್ನು ಎಷ್ಟು ಸಲ ಬ್ಯಾಂಗಲೋರ್ ಎಂದರು, ಪೀಣ್ಯವನ್ನು ಎಷ್ಟು ಸಲ ಪೀನ್ಯಾ ಎಂದರು ಎಂಬುದನ್ನು ನಾನು ಲೆಕ್ಕ ಇಡಲಿಲ್ಲ.

ಹೆಸರು ಹುಡುಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ಷೆಡ್ಡಿನಲ್ಲಿ ನನಗೆ 'ಡಿಕ್ಷನರಿ ಸಾರ್' ಎಂದು ಬಿರುದಿತ್ತು. ಅದು ಪ್ರಶಂಸೆ ಎಂದು ನಾನು ತಿಳಿದುಕೊಂಡಿದ್ದೇನೆ. ಹುಡುಕುತ್ತ ಹೋದರೆ ಜರ್ಮನಿಯದೇ ದೊಡ್ಡ ಪುರಾಣ. ಅವರು ತಮ್ಮನ್ನು ಡಾಯ್ಚ್‌ಲಾಂಡ್ ಎಂದುಕೊಳ್ಳುತ್ತಾರೆ. ಅಂದರೆ ಜನರ ನಾಡು, ನಮ್ಮವರ ನಾಡು ಎಂದಷ್ಟೇ. ಪಕ್ಕದ ಫ್ರೆಂಚರು ಗಡಿಯಲ್ಲಿದ್ದ ಒಂದು ಬುಡಕಟ್ಟಿನ ಹೆಸರು ಹಿಡಿದು ಅಲೆಮಾನ್ಯ್ ಎಂದರು. ಆ ಕಡೆಯ ಪೋಲೆಂಡಿನವರದು ಇನ್ನೂ ಚೆಂದ: ಇವರ ಮಾತು ತಮಗೆ ತಿಳಿಯುವುದಿಲ್ಲವಾದ್ದರಿಂದ ಇವರು ಮೂಗರೇ ಇರಬೇಕು ಎಂದು ತೀರ್ಮಾನಿಸಿ ಮೂಗರ ನಾಡು ಎಂಬರ್ಥದ ಹೆಸರಿಟ್ಟರಂತೆ. ಓದಿ ನಗು ಬಂತು, ಆದರೆ ತಿಳಿಯದ ಮಾತಾಡುವವರನ್ನು ನಮ್ಮ ಹಿರಿಯರು ಮ್ಲೇಚ್ಛರು ಎಂದದ್ದು ನೆನಪಾಗಿ ನಿಂತಿತು.

ನಮ್ಮದೇ ಹೆಸರಿನ ಕಥೆ ಕೇಳಿ. ಸಿಂಧೂ ನದಿಯನ್ನು ಪಾರಸಿಕರು ಹಿಂದೂ ಎಂದರು, ಏಕೆಂದರೆ ಅವರ ಬಾಯಲ್ಲಿ ಸಕಾರ ಹಕಾರವಾಗುತ್ತಿತ್ತು. ಅವರಿಂದ ಕೇಳಿಸಿಕೊಂಡ ಗ್ರೀಕರು ಹಕಾರವನ್ನೂ ನುಂಗಿ 'ಇಂದು' ಎಂದು ಶುರುಮಾಡಿದರು, ಅಲ್ಲಿಂದ ಇಂಡಿಯಾ. ಹಾಲನ್ನು ಆಲು, ಹಂಗೆಯನ್ನು ಅಂಗೆ ಎನ್ನುವ ನೆಲಮಂಗಲ ಕಡೆಯವರನ್ನು ಆಡಿಕೊಳ್ಳುವವರು ಇದನ್ನು ಗಮನಿಸಬೇಕು. ಒಂದು ದೇಶದ ಹೆಸರು ಪ್ರಪಂಚದಲ್ಲೆಲ್ಲ ನಿಂತಿರುವುದು ಇಂಥದೇ ಉಚ್ಚಾರದ ಮೇಲೆ. ಜಪಾನಿನವರಾದರೂ ಸ್ವಂತ ಹೆಸರಿಟ್ಟುಕೊಂಡರೇ ಎಂದರೆ, ನಿಹೋನ್ ಎಂದರೆ ಸೂರ್ಯ ಹುಟ್ಟುವ ಕಡೆ ಎಂದಂತೆ. ಜಪಾನಿನಲ್ಲೇ ನಿಂತವನಿಗೆ ಸೂರ್ಯ ಸಮುದ್ರದಾಚೆ ಹುಟ್ಟುತ್ತಾನೆ. ಜಪಾನಿನಲ್ಲಿ ಹುಟ್ಟುವುದು ಚೀನಾದಲ್ಲಿ ನಿಂತು ನೋಡುವವನಿಗೆ. ಆ ಚೀನಾದವರೋ ತಮ್ಮನ್ನು ನಡುವಿನ ನಾಡು ಎಂದು ಕರೆದುಕೊಂಡು ಆರಾಮಾಗಿದ್ದಾರೆ. ಪರಂಗಿ ಹಣ್ಣಂತೂ ಫ್ರಾಂಕರು ಎಂಬ ಫ್ರಾನ್ಸಿನ ಕಡೆಯ ಜನರ ಹೆಸರು ಹೊತ್ತು, ಅಮೆರಿಕದಿಂದ ಹೊರಟು, ಪೋರ್ಚುಗೀಸರ ಹಡಗಿನಲ್ಲಿ ಬಂದು, ನಮ್ಮ ಹಿತ್ತಲಿನಲ್ಲಿ ಬೆಳೆಯಿತು. ಅದಕ್ಕೆ ಅವಮಾನವಾಯಿತೆಂದು ಸಿಹಿ ಕಡಿಮೆಯಾಗಿಲ್ಲ.

ಇವನ್ನೆಲ್ಲ ಪ್ರಶಾಂತ್ ಅವರಿಗೆ ಹೇಳಲು ಹೋದೆ. ಅವರು ಗಡಿಯಾರ ನೋಡಿಕೊಂಡರು.

ಸ್ವಿಚ್ಚುಗಳ ಮೇಲೆ ಹೊಸ ಹೆಸರಿನ ಬೋರ್ಡುಗಳು ಬಂದವು. ಜರ್ಮನಿ ಹೋಗಿ ಡಾಯ್ಚ್‌ಲಾಂಡ್, ಜಪಾನ್ ಹೋಗಿ ನಿಹೋನ್, ಜೆಕ್ ಹೋಗಿ ಚೆಸ್ಕೊ. ಬಡ ರಾಜ್‌ಕೋಟ್‌ಗೂ ಬಡ್ತಿ ಸಿಕ್ಕಿ ಭಾರತವಾಯಿತು. ಅಧಿಕಾರಿ ಬಂದುಹೋಗುವ ತನಕ ಹಳೇ ಹೆಸರನ್ನು ಯಾರೂ ಬಾಯಲ್ಲಿ ಎತ್ತಬಾರದು ಎಂದು ಕಟ್ಟಪ್ಪಣೆಯಾಯಿತು. ಇಡೀ ವಾರ ಎಲ್ಲರೂ ಬಾಯಲ್ಲಿ ಬಿಸಿ ಬಜ್ಜಿ ಇಟ್ಟುಕೊಂಡವರಂತೆ ಮಾತಾಡಿದರು. "ಡಾಯ್ಚು... ಅದೇ, ಲ್ಯಾಂಡ್ ಆಫ್ ಮಾಡು ಗುರು," ಎನ್ನುವಷ್ಟರಲ್ಲಿ ಕೆಲಸವೇ ಮುಗಿದಿರುತ್ತಿತ್ತು. ಶಿವಣ್ಣ ಬಾಯಿ ಬಿಡುವುದನ್ನೇ ನಿಲ್ಲಿಸಿದ.

ಅದೇ ವಾರ, ಮನೆಯಲ್ಲಿ ಕೂರಿಸಿದವರೊಬ್ಬರ ಜಾಗಕ್ಕೆ ಕಡಿಮೆ ಕೂಲಿಗೆ, ಯಾದಗಿರಿ ಕಡೆಯ ಮಲ್ಲಪ್ಪ ಎಂಬವನು ಸೇರಿದ್ದ. ಸ್ವಿಚ್ ಬೋರ್ಡಿನ ಹತ್ತಿರ ನಿಂತು, ಹೇಳಿದ ಯಂತ್ರವನ್ನು ಹಚ್ಚುವುದು, ಆರಿಸುವುದು ಅವನ ಕೆಲಸ. ಬುದ್ಧಿವಂತ, ಹೊಸ ಹೆಸರುಗಳನ್ನು ನಮಗಿಂತ ಬೇಗ ಕಲಿತ. ಹಳೆಯದನ್ನು ಕಲಿಸುವವರು ಯಾರೂ ಇರಲಿಲ್ಲ, ಅದು ನಿಷಿದ್ಧ.

ಇನ್ನೊಂದು ಏರ್ಪಾಡು ಬಟ್ಟೆಯದು. ಅಧಿಕಾರಿಯೆದುರು ಎಲ್ಲರೂ ಒಂದೇ ಥರ ಕಾಣಬೇಕೆಂದು ನೀಲಿ ಬಣ್ಣದ ತುಂಬುತೋಳಿನ ಷರ್ಟು ಕೊಡಿಸಿದರು. ಲೇತಿನ ಮುಂದೆ ನಿಲ್ಲುವವನು ತೋಳು ಮಡಿಸಿಕೊಳ್ಳಬೇಕೆಂಬುದು ಪೀಣ್ಯದಲ್ಲಿ ಹುಟ್ಟಿದ ನಾಯಿಗೂ ಗೊತ್ತು. ಶಿವಣ್ಣ ಮಡಿಸಿಕೊಂಡೇ ನಿಂತಿದ್ದ. ಪ್ರಶಾಂತ್ ಬಂದು, ಶಿಸ್ತಾಗಿ ಕಾಣುವುದಿಲ್ಲವೆಂದು, ಇಳಿಸಿ ಗುಂಡಿ ಹಾಕಿಸಿದರು.

ಆ ದಿನ ಬಂತು. ಗೇಟಿನ ಮುಂದೆ ಪ್ಯಾಕಿಂಗ್ ಮಾಡುವ ಭಾಗ್ಯಮ್ಮ ರಂಗೋಲಿಯಲ್ಲಿ ಜರ್ಮನ್ ಭಾಷೆಯ ಸುಸ್ವಾಗತ ಬರೆದಿದ್ದಳು, ಅಂದರೆ ಕೊಟ್ಟ ಅಕ್ಷರಗಳನ್ನು ಹೂವಿನ ಬಳ್ಳಿಯಂತೆ ತಿದ್ದಿದ್ದಳು. ಅಧಿಕಾರಿ ಎತ್ತರದ, ಮಾತು ಕಡಿಮೆಯ ಮನುಷ್ಯ. ಕುಂಕುಮ ಇಡಿಸಿಕೊಂಡು, ಪೇಟ ತೊಡಿಸಿಕೊಂಡು, ಹಾರ ಹಾಕಿಸಿಕೊಂಡು ಸುಮ್ಮನೆ ನಿಂತರು. ರಾಜಣ್ಣ ಅವರನ್ನು ನೇರವಾಗಿ ಲೇತಿನ ಮುಂದೆ ಕರೆತಂದರು. ಪ್ರಶಾಂತ್ ಬೋರ್ಡಿನತ್ತ ಕೈ ತೋರಿಸಿ ಡಾಯ್ಚ್‌ಲಾಂಡ್ ಎಂದು ಉಚ್ಚರಿಸಿ ಪ್ರತಿಕ್ರಿಯೆಗಾಗಿ ಕಾದರು. ಅವರು ಬೋರ್ಡು ನೋಡಿದರು, ತಲೆಯಾಡಿಸಿದರು, ಮತ್ತೆ ಲೇತನ್ನು ನೋಡತೊಡಗಿದರು.

ಶಿವಣ್ಣ ಉಂಗುರ ಕಡೆಯುತ್ತಿದ್ದ. ಅಳತೆ ನೋಡಲು ಸ್ವಲ್ಪ ಬಾಗಿದ. ಷರ್ಟಿನ ತೋಳಿನ ಅಂಚು ತಿರುಗುವ ಕಬ್ಬಿಣಕ್ಕೆ ಸಿಕ್ಕಿತು, ಸುತ್ತಿಕೊಂಡಿತು, ಕೈಯನ್ನು ಒಳಗೆ ಎಳೆಯತೊಡಗಿತು. ಇನ್ನೊಂದು ಕೈಯನ್ನು ಲೇತಿಗೆ ಒತ್ತಿ ಹಿಡಿದು ಅವನು ಕೂಗಿದ: "ಜರ್ಮನಿ ನಿಲ್ಸೋ! ಜರ್ಮನಿ! ಜರ್ಮನಿ ನಿಲ್ಸೋ!"

ಮಲ್ಲಪ್ಪ ಬೋರ್ಡಿನ ಮುಂದೆಯೇ ಇದ್ದ, ಆದರೆ ನಡುವೆ ನಿಂತ ಗುಂಪಿನಿಂದಾಗಿ ಅವನಿಗೆ ಲೇತು ಕಾಣುತ್ತಿರಲಿಲ್ಲ. ಡಾಯ್ಚ್‌ಲಾಂಡ್, ನಿಹೋನ್, ಚೆಸ್ಕೊ, ಭಾರತ. ಅವನ ಬೆರಳು ಸಾಲಿನ ಉದ್ದಕ್ಕೂ ಓಡಿತು. "ಜರ್ಮನಿ ಎಲ್ಲೈತ್ರಿ? ಇಲ್ಲಿ ಜರ್ಮನಿ ಇಲ್ರೀ!" ಎಂದು ಅವನೂ ಕೂಗುತ್ತಿದ್ದ. ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಒಟ್ಟಿಗೆ ಕಿರುಚಿದ್ದರಿಂದ ಯಾವುದೂ ಯಾರಿಗೂ ಕೇಳಿಸಲಿಲ್ಲ. ನಾನು ಸ್ಟೋರ್ಸಿನ ಬಾಗಿಲಿನಿಂದ ಓಡಿದೆ, ಆದರೆ ತಲುಪುವಂತಿರಲಿಲ್ಲ.

ಇದ್ದಕ್ಕಿದ್ದಂತೆ ದೀಪಗಳು ಆರಿದವು. ಜಪಾನಿನ ಏಸಿ ನಿಂತಿತು, ಜೆಕ್ ನಿಂತಿತು, ಫ್ಯಾನು ನಿಂತಿತು, ಲೇತು ನರಳುತ್ತ ನಿಧಾನವಾಗಿ ನಿಂತಿತು. ಬಾಗಿಲ ಬಳಿ ಭಾಗ್ಯಮ್ಮ ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಿಂದ ಜಗ್ಗಿ ಹಿಡಿದು ನಿಂತಿದ್ದಳು. ಶಿವಣ್ಣನ ಷರ್ಟಿನ ತೋಳು ಮೊಣಕೈವರೆಗೆ ಹರಿದಿತ್ತು, ಚರ್ಮ ಕಿತ್ತು ರಕ್ತ ಬರುತ್ತಿತ್ತು. ಕೈ ಕೈಯಾಗಿಯೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿಕೊಂಡ, ಆಮೇಲೆ ನೆಲದ ಮೇಲೆ ಕೂತು ಗಳಗಳನೆ ಅತ್ತ.

"ನಂಗೆ ಯಾವ ದೇಸ ಯಾವ್ದು ಅಂತ ತಲೆ ಓಡ್ಲಿಲ್ಲ ಸಾರ್," ಎಂದಳು ಭಾಗ್ಯಮ್ಮ, ಹಿಡಿಯನ್ನು ಇನ್ನೂ ಬಿಡದೆ. "ಶಿವಣ್ಣ ಅಂಗೆ ಕೂಗ್ಕಂಡ್ನಲ್ಲ, ಎಲ್ಲಾ ದೇಸಾನೂ ಬಂದ್ ಮಾಡ್ಬಿಟ್ಟೆ."

ಶಿವಣ್ಣನಿಗೆ ಪಟ್ಟಿ ಕಟ್ಟಿಸಿ ಕೂರಿಸಿದೆವು. ಅಧಿಕಾರಿ ಪೇಟ ತೆಗೆದಿಟ್ಟು ನಮ್ಮ ಜೊತೆ ಟೀ ಕುಡಿದರು. ರಾಜಣ್ಣನ ಮುಖ ಬಿಳಿಚಿಕೊಂಡಿತ್ತು. ಆರ್ಡರ್ ಹೋಯಿತೆಂದು ಎಲ್ಲರಿಗೂ ಖಾತ್ರಿಯಾಗಿತ್ತು. ಏನು ಗೊಂದಲವಾಯಿತೆಂದು ಅಧಿಕಾರಿ ಕೇಳಿದರು. ಪ್ರಶಾಂತ್ ನೆಲ ನೋಡುತ್ತಿದ್ದರು, ಆದ್ದರಿಂದ ನನ್ನ ಹರಕು ಇಂಗ್ಲಿಷಿನಲ್ಲಿ ನಾನೇ ಹೇಳಿದೆ: ಇದಕ್ಕೆ ಮೊದಲು ಜರ್ಮನಿ ಎನ್ನುತ್ತಿದ್ದೆವು, ತಮ್ಮ ದೇಶಕ್ಕೆ ಗೌರವ ತೋರಿಸಲೆಂದು ಹೆಸರು ಬದಲಾಯಿಸಿದೆವು. ಅವರು ಲೋಟ ಕೆಳಗಿಟ್ಟರು. ತನ್ನ ಕಂಪನಿ ಜರ್ಮನಿಯದು ನಿಜ, ಆದರೆ ತಾನು ಫಿನ್ಲೆಂಡಿನವನು ಎಂದರು. ತಮ್ಮ ಭಾಷೆಯಲ್ಲಿ ಜರ್ಮನಿಗೆ ಸಕ್ಸ ಎನ್ನುತ್ತಾರಂತೆ. ಫಿನ್ಲೆಂಡಿಗೂ ತಮ್ಮವರು ಫಿನ್ಲೆಂಡ್ ಎನ್ನುವುದಿಲ್ಲ, ಸುವೊಮಿ ಎನ್ನುತ್ತಾರೆ. ಆದರೆ ಫಿನ್ಲೆಂಡ್ ಎಂದು ಕರೆದರೂ ತಾನು ತಿರುಗಿ ನೋಡುತ್ತೇನೆ ಎಂದರು. ಆ ದಿನ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಮೂಗರ ನಾಡಿನ ಗೌರವಕ್ಕೆಂದು ನಾವು ಕಟ್ಟಿದ ಬೋರ್ಡು ಹೀಗೆ ಸುವೊಮಿಯ ಪಾಲಾಯಿತು. ಅವರು ಹೊರಡುವ ಮುನ್ನ ಹೇಳಿದ್ದು ಸರಳ. ಲೇತಿನ ಕೆಟ್ಟ ಹಿಡಿ ರಿಪೇರಿಯಾಗಬೇಕು, ಕೈಗೆ ಸಿಗುವ ಹಾಗೆ ಕೆಂಪು ಗುಂಡಿ ಇರಬೇಕು, ತೋಳು ಮಡಿಸಬೇಕು. ಅದಾದ ಮೇಲೆ ಇದೇ ಮನುಷ್ಯ ಕಡೆದ ಉಂಗುರಗಳನ್ನು ಕಳಿಸಿ, ನೋಡೋಣ. ಇದೇ ಮನುಷ್ಯ ಎನ್ನುವಾಗ ಶಿವಣ್ಣನತ್ತ ಬೆರಳು ತೋರಿಸಿದರು. ಉಂಗುರ ಕಳಿಸಿದೆವು, ಆರ್ಡರ್ ಬಂತು. ಶಿವಣ್ಣ ಉಳಿದ, ಲೇತೂ ಉಳಿಯಿತು. ಪ್ರಶಾಂತ್ ಮತ್ತೆ ಈ ಕಡೆ ಬರಲಿಲ್ಲ. ವೈಟ್‌ಫೀಲ್ಡ್‌ನಲ್ಲಿ ಅವರ ಅಗತ್ಯ ಹೆಚ್ಚಾಗಿದ್ದಿರಬೇಕು. ಅಷ್ಟು ದುಡ್ಡು ಕೊಟ್ಟು ಬರೆಸಿದ ಬೋರ್ಡನ್ನು ಕೀಳಿಸಲು ರಾಜಣ್ಣನಿಗೆ ಮನಸ್ಸಾಗಲಿಲ್ಲ.

ಎರಡನೇ ಪಾಳಿ ಮತ್ತೆ ಶುರುವಾದಾಗ ಹೊಸಬರು ಬಂದರು, ಹೊಸೂರಿನ ಕಡೆಯ ಸೆಲ್ವಂ, ಬಿಹಾರದ ರಾಮ್‌ಬಾಬು. ಕೆಂಪು ಗುಂಡಿ ಬಂದಿದ್ದರೂ ಶಿವಣ್ಣನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಗುಂಡಿ ಒತ್ತಬೇಕಾದ ಕೈಯೇ ಸಿಕ್ಕಿಹಾಕಿಕೊಂಡರೆ? ಜರ್ಮನಿ ಎಂಬ ಹೆಸರನ್ನು ಎಲ್ಲರ ಬಾಯಲ್ಲಿ ಮತ್ತೆ ಕೂರಿಸಿಯೇ ತೀರುತ್ತಾನೆ ಎಂದು ನಾನು ಭಾವಿಸಿದ್ದೆ. ಅವನು ಬೇರೆ ದಾರಿ ಹಿಡಿದ. ಒಬ್ಬೊಬ್ಬರನ್ನೇ ಲೇತಿನ ಮುಂದೆ ನಿಲ್ಲಿಸಿ, "ಭಯ ಬಿದ್ರೆ ನಿನ್ ಬಾಯಿಗೆ ಇದರ ಹೆಸರು ಏನಂತ ಬರುತ್ತೆ? ಯೋಚ್ನೆ ಮಾಡ್ಬೇಡ, ಈಗ್ಲೇ ಹೇಳು," ಎಂದು ಕೇಳಿದ.

"ದೊಡ್ಡವ್ವ ಅಂತೀನ್ರಿ," ಎಂದ ಮಲ್ಲಪ್ಪ. "ನಮ್ ದೊಡ್ಡವ್ವನಂಗ ಗುರ್ ಅಂತೈತಿ." ಸೆಲ್ವಂ ತಮಿಳಿನಲ್ಲಿ ದೊಡ್ಡದು ಎಂಬರ್ಥದ ಪೆರಿಸು ಎಂದ. ರಾಮ್‌ಬಾಬು ತಡವರಿಸಿ ಬಡಾವಾಲಾ ಎಂದ. ತನ್ನ ಲೇತನ್ನು ಲೇತು ಎಂದರೆ ಸಿಟ್ಟಾಗುತ್ತಿದ್ದ ಶಿವಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಎಲ್ಲರೂ ಎಲ್ಲ ಹೆಸರನ್ನೂ ಕಲಿಯಬೇಕು ಎಂದ. ತಾನೂ ಕಲಿತ. ಊಟದ ಹೊತ್ತಿನಲ್ಲಿ ಪಾಠ ಒಪ್ಪಿಸುವವನಂತೆ ಗೊಣಗಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಸ್ಟೋರ್ಸಿನಲ್ಲಿ ಬೋಲ್ಟು ತೂಗುತ್ತಿದ್ದೆ. ಆ ಮೂಲೆಯಿಂದ ಶಿವಣ್ಣನ ದನಿ ಕೇಳಿಸಿತು: "ಏ, ಬಡಾವಾಲಾ ಬಂದ್ ಕರೋ! ದೊಡ್ಡವ್ವ! ಪೆರಿಸೂ! ಜರ್ಮನಿ ನಿಲ್ಸೋ!" ತಕ್ಕಡಿ ಬಿಟ್ಟು ಓಡಿದೆ. ಶಿವಣ್ಣ ಲೇತಿನಿಂದ ದೂರ, ಎರಡೂ ಕೈಯನ್ನು ಮೇಲೆತ್ತಿಕೊಂಡು ನಿಂತಿದ್ದ. ಸುಮ್ಮನೆ ಪರೀಕ್ಷೆ ಮಾಡಿದ್ದಂತೆ. ಬಾಯಿಗೆ ಬಂದಂತೆ ಬೈಯಬೇಕೆಂದುಕೊಂಡವನು ಗೋಡೆಯತ್ತ ನೋಡಿದೆ. ಲೇತು ನಿಂತಿತ್ತು. ಮಲ್ಲಪ್ಪನದು, ಸೆಲ್ವಂನದು, ರಾಮ್‌ಬಾಬುವಿನದು, ಅಷ್ಟು ದೂರದಿಂದ ಓಡಿಬಂದ ಭಾಗ್ಯಮ್ಮನದು, ಎಲ್ಲರ ಕೈಯೂ ಒಂದೇ ಸ್ವಿಚ್ಚಿನ ಮೇಲೆ ಒಂದರ ಮೇಲೊಂದು ಬಿದ್ದಿತ್ತು. ಡಾಯ್ಚ್‌ಲಾಂಡ್ ಎಂಬ ಬೋರ್ಡು ಆ ಕೈಗಳ ಹಿಂದೆ ಕಾಣಿಸುತ್ತಿರಲಿಲ್ಲ.